ಹಲ್ಲಿಲ್ಲದ ಪಳೆಯುಳಿಕೆಯನ್ನು ಕೇಳೋರ್ಯಾರು?

"ಮಾಮಾ, ನಮ್ಮೂರಾಗ ಡೈನೋಸಾರ್ ಇದ್ದುವೇನು?" ಜವಳಗೇರಾದಿಂದ ವಿಡಿಯೊ ಕಾಲ್ ಮಾಡಿದ ಅಕ್ಕನ ಮಗನ ಪ್ರಶ್ನೆ. ನಮ್ಮ ಕಡೆಯ ಗುಡ್ಡದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಆ ಕಲ್ಲೊಳಗೆ ಅದರ ಎಲುಬು ಸಿಗೋಕೆ ಸಾಧ್ಯವೇ ಇಲ್ಲ ಅಂದೆ. ಹುಡುಗನ ಮುಖ ಸಪ್ಪಗಾಯ್ತು.

ಅವನೊಬ್ಬನ ಕಥೆಯಲ್ಲ ಇದು. ಪಳೆಯುಳಿಕೆ ಅಂದರೆ ನಮಗೂ ಮೊದಲು ಕಾಣೋದು ಅದೇ ಕೋರೆಹಲ್ಲು. 1842ರಲ್ಲಿ ರಿಚರ್ಡ್ ಓವೆನ್ 'ಭಯಂಕರ ಹಲ್ಲಿ' ಅನ್ನೋ ಅರ್ಥದ ಹೆಸರಿಟ್ಟಾಗಲೇ ಅರ್ಧ ಪ್ರಚಾರ ಆಗಿತ್ತು. ಉಳಿದರ್ಧ 1993ರ 'ಜುರಾಸಿಕ್ ಪಾರ್ಕ್' ಸಿನಿಮಾ ಮಾಡಿತು. ದೊಡ್ಡ ಮೈ, ಮುಖ, ಹಲ್ಲು, ಕೊನೆಗೊಂದು ಭಾರಿ ಸಾವು. ಕಥೆಗೆ ಇನ್ನೇನು ಬೇಕು?

ಬೇರೆ ಪಳೆಯುಳಿಕೆಗಳನ್ನು ಜನ ಮೆಚ್ಚೋದೇ ಇಲ್ಲ ಅಂತಲ್ಲ. ದೇವರ ಪೆಟ್ಟಿಗೆಯ ಸಾಲಿಗ್ರಾಮ ನೋಡಿ. ಗಂಡಕಿ ನದಿಯಿಂದ ಬಂದ ಆ ಕರಿಕಲ್ಲಿನ ಚಕ್ರ ಅಮ್ಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಡೈನೋಸಾರ್‌ಗಳ ಕಾಲದ್ದೇ. ದಿನಾ ಅಭಿಷೇಕ ಆಗುತ್ತೆ, ಯಾಕಂದ್ರೆ ಅದಕ್ಕೆ ವಿಷ್ಣುವಿನ ಕಥೆ ಸಿಕ್ಕಿದೆ.

ಕಥೆ ಸಿಗದೇ ಉಳಿದದ್ದು ಸ್ಟ್ರೊಮ್ಯಾಟೊಲೈಟ್. ನಮ್ಮಿಂದ ಪಶ್ಚಿಮಕ್ಕೆ, ಬಾಗಲಕೋಟೆ ಜಿಲ್ಲೆಯ ಲೋಕಾಪುರ ಸುತ್ತಿನ ಸುಣ್ಣದಕಲ್ಲಿನಲ್ಲಿವೆ. ಕತ್ತರಿಸಿದ ಉಳ್ಳಾಗಡ್ಡಿ ಥರ ಪದರು ಪದರು, ಅಷ್ಟೇ. ಆಳವಿಲ್ಲದ ಕಡಲಲ್ಲಿ ಸೂಕ್ಷ್ಮಜೀವಿಗಳ ಅಂಟು ಹೊದಿಕೆ ಕೆಸರು ಹಿಡಿದು, ಅದರ ಮೇಲೆ ಮತ್ತೆ ಬೆಳೆದು ಕಟ್ಟಿದ ಗುಡ್ಡೆಗಳು. ನೂರು ಕೋಟಿ ವರ್ಷಕ್ಕೂ ಹಿಂದಿನವು. ಇದೇ ಕುಲದ ಜೀವಿಗಳು ಬಿಸಿಲು ಕುಡಿದು ಬಿಟ್ಟ ಆಮ್ಲಜನಕ ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ನಿಲ್ಲತೊಡಗಿತು. ಅದಿಲ್ಲದಿದ್ದರೆ ಟಿ. ರೆಕ್ಸ್‌ಗೂ ಉಸಿರಿಲ್ಲ, ನಮಗೂ ಇಲ್ಲ. ಆದರೂ ಗೊಂಬೆ ಅಂಗಡಿಯಲ್ಲಿ ಪದರುಕಲ್ಲನ್ನು ಯಾರು ಕೊಳ್ತಾರೆ ಹೇಳಿ!

ಗೊಂಬೆ ಇಲ್ಲದಿದ್ದರೆ ಹೋಗಲಿ. ನನಗೆ ಚಿಂತೆ ಬೇರೆ. ಸುಣ್ಣದಕಲ್ಲು ಅಂದರೆ ಸಿಮೆಂಟ್. ಗುರುತಿಲ್ಲದ ಪಳೆಯುಳಿಕೆ ಕ್ವಾರಿಯವನ ಕಣ್ಣಿಗೆ ಬರೀ ಟನ್ ಲೆಕ್ಕ. ರಾಜಸ್ಥಾನದ ಉದಯಪುರ ಹತ್ತಿರ ಝಾಮರಕೋಟ್ರಾದಲ್ಲಿ ರಾಕ್ ಫಾಸ್ಫೇಟ್ ಗಣಿ ಇದ್ದೂ ಸ್ಟ್ರೊಮ್ಯಾಟೊಲೈಟ್ ಪಾರ್ಕ್ ಮಾಡಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಉಳಿಸಿಕೊಂಡಿದ್ದಾರೆ. ಲೋಕಾಪುರದ ಕಡೆಯೂ ಒಂದು ಬೇಲಿ, ಕನ್ನಡದಲ್ಲೊಂದು ಬೋರ್ಡು ಬಂದರೆ, ಬಾದಾಮಿ-ಐಹೊಳೆಗೆ ಹೋಗೋ ಶಾಲಾ ಪ್ರವಾಸದ ಬಸ್ಸುಗಳು ಅಲ್ಲೂ ಒಂದು ತಾಸು ನಿಲ್ಲಬಹುದು.