ಹೊಂದ್ಕೊಂಡು ಹೋಗ್ತಾವ ಬಿಡು!

ನಮ್ಮ ಬಚ್ಚಲಮನಿ ಗ್ವಾಡಿ ಮ್ಯಾಲ ಹೊಗಿ ಹೋಗಲಿಕ್ಕೆ ಬಿಟ್ಟ ಒಂದು ಕಿಂಡಿ ಅದ. ಪ್ರತಿ ವರ್ಷ ಅಲ್ಲೇ ಗುಬ್ಬಿ ಗೂಡು ಕಟ್ತಾವ. ಈ ಸಲ ಮರಿ ಹಾರಿ ಹೋದ ಮ್ಯಾಲ, ಮಳಿ ಹಿಡಿಯೋದ್ರೊಳಗ ಕಿಂಡಿ ಸ್ವಚ್ಛ ಮಾಡಬೇಕಂತ ನಿಚ್ಚಣಿಕಿ ಹಚ್ಚಿ ಹತ್ತಿದೆ. ಗೂಡು ಕೈಯಾಗ ಬಂತು. ಅದರ ಜೋಡಿ ಒಂದು ಒಣಗಿದ ಮರಿನೂ ಬಂತು. ಕಾಲಿಗೆ ಪ್ಲಾಸ್ಟಿಕ್ ದಾರ ಸುತ್ಕೊಂಡಿತ್ತು. ಉಳಿದ ಮರಿ ಹಾರಿದ ದಿವಸ ಇದೂ ಹಾರಲಿಕ್ಕೆ ಹೋಗಿ ಅಲ್ಲೇ ಸಿಕ್ಕೊಂಡಿರಬೇಕು.

ಗೂಡು ಬಿಚ್ಚಿ ನೋಡಿದ್ರ ನಮ್ಮ ಓಣಿಯ ಕಸ ಎಲ್ಲಾ ಅದರಾಗ ಇತ್ತು. ಒಣಾ ಹುಲ್ಲು, ನನ್ನ ಬಾಚಣಿಕಿಯಿಂದ ತಗದು ಒಗದ ಬಿಳಿ ಕೂದಲ, ಗುಟ್ಕಾ ಚೀಟಿನ ಚೂರು, ಎರಡು ಬೀಡಿ ತುಂಡು. ಆ ದಾರ ಯಾವುದಂತ ನೋಡಿದ ಕೂಡ್ಲೆ ಗೊತ್ತಾತು. ಅಕ್ಕಿ ಚೀಲದ ಬಾಯಿ ಹೊಲದಿರ್ತದಲ್ಲ, ಅದು. ಸರ್ರ್ ಅಂತ ಜಗ್ಗಿ ಹಿತ್ತಲಕ್ಕ ಒಗದಾಕಿ ನಾನ.

ನಮ್ಮನಿಯವರಿಗೆ ತೋರಿಸಿದೆ. "ಪಾಪ" ಅಂದ್ರು. ಆಮ್ಯಾಲ, "ಗುಬ್ಬಿ ಏನು ಸಾಮಾನ್ಯ ಅಲ್ಲ, ಎಂಥಾ ಕಸದಾಗೂ ಗೂಡು ಕಟ್ತಾವ. ಹೊಂದ್ಕೊಂಡು ಹೋಗ್ತಾವ ಬಿಡು" ಅಂದ್ರು.

ಈ ಮಾತು ಕೇಳಿದ್ರ ನನಗ ಮೊದಲಿಂದನೂ ಆಗಿ ಬರೂದಿಲ್ಲ ನೋಡ್ರಿ. ಮದುವಿ ಆಗಿ ಬರೋ ಮುಂದ ನಮ್ಮವ್ವನೂ ಇದನ್ನ ಹೇಳಿದ್ಲು, "ಹೊಂದ್ಕೊಂಡು ಹೋಗವ್ವಾ" ಅಂತ. ಹೋದೆ. ಆದ್ರ ಹೊಂದ್ಕೊಳ್ಳೋದು ಪುಕ್ಕಟೆ ಆಗೂದಿಲ್ಲ. ಅದರ ಬೆಲಿ ತನ್ನ ಮೈಯಿಂದನ ಕೊಡಬೇಕಾಗ್ತದ. ಹಕ್ಕಿಗಳದೂ ಇದ ಹಣೆಬರಹ ಅಂತ ತಿಳಿಸಿ ಹೇಳಿದಾಕಿ ನನ್ನ ಮಗಳು. ಆಕಿ ಎಂ.ಎಸ್ಸಿ.ಯೊಳಗ ಪ್ರಾಣಿಶಾಸ್ತ್ರ ಓದ್ಯಾಳ.

ಗೂಡಿನಾಗಿನ ಬೀಡಿ ತುಂಡು ನೋಡಿ, "ಅವ್ವಾ, ಮೆಕ್ಸಿಕೋ ಸಿಟಿಯೊಳಗೂ ಇದ ಕಥಿ" ಅಂದ್ಲು. ಅಲ್ಲಿ ಗುಬ್ಬಿ ಮತ್ತ ಫಿಂಚ್ ಅನ್ನೋ ಸಣ್ಣ ಹಕ್ಕಿಗಳು, ಜನ ಸೇದಿ ಒಗದ ಸಿಗರೇಟಿನ ಬುಡದಾಗ ಇರೋ ಹತ್ತಿಯಂಥಾ ನಾರು ತಂದು ಗೂಡಿನಾಗ ಹಾಸ್ತಾವ. ಅಲ್ಲಿಯ ವಿಜ್ಞಾನಿಗಳು ಲೆಕ್ಕ ಹಾಕಿ 2013ರಾಗ ಪ್ರಕಟ ಮಾಡಿದ್ರು: ಆ ನಾರು ಹೆಚ್ಚಿದ್ದ ಗೂಡಿನಾಗ ಮರಿಗೆ ಹತ್ತೋ ಉಣ್ಣಿಯಂಥಾ ಸಣ್ಣ ಹುಳ ಕಡಿಮಿ. ನಾವು ಕಾಳಿನ ಡಬ್ಬ್ಯಾಗ ಬೇವಿನ ಎಲಿ ಹಾಕೂದಿಲ್ಲೇನ್ರಿ, ಹಂಗ ನಿಕೋಟಿನ್ ಹುಳ ಓಡಸ್ತದ. ಇಷ್ಟ ಕೇಳಿದ್ರ ಯಾರರ "ಶಾಣ್ಯಾ ಹಕ್ಕಿ" ಅಂತಾರ. ಆದ್ರ ಅವರ ಮುಂದಿನ ಅಧ್ಯಯನದಾಗ ಇನ್ನೊಂದು ಕಂಡಿತು. ಸಿಗರೇಟಿನ ನಾರು ಹೆಚ್ಚಿದ್ದ ಗೂಡಿನ ಮರಿಗಳ ರಕ್ತದ ಕಣಗಳಿಗೆ ಪೆಟ್ಟು ಬಿದ್ದಿತ್ತು. ಹುಳದಿಂದ ಉಳಸ್ಲಿಕ್ಕೆ ಹೋಗಿ ತಾಯಿ ಮಕ್ಕಳನ್ನ ವಿಷದ ಹಾಸಿಗಿ ಮ್ಯಾಲ ಮಲಗಿಸಿದಂಗಾತು.

ಮೈಯೊಳಗ ಹೊಕ್ಕ ವಿಷಕ್ಕೂ ಹಕ್ಕಿ ದಾರಿ ಹುಡುಕ್ತದ. ಹೊಸಾ ಪುಕ್ಕ ಬೆಳಿಯೋ ಮುಂದ ರಕ್ತದಾಗಿನ ಸೀಸ, ಸತು ಒಂದಿಷ್ಟು ಪುಕ್ಕಕ್ಕ ಸೇರ್ತದ. ಪುಕ್ಕ ಉದುರಿದಾಗ ಅದೂ ಹೊರಗ ಹೋಗ್ತದ. ಪ್ಯಾರಿಸ್ಸಿನ ಪಾರಿವಾಳದ ಮ್ಯಾಲ 2014ರಾಗ ಬಂದ ಅಧ್ಯಯನದಾಗ, ಕಪ್ಪು ಹೆಚ್ಚಿದ್ದ ಪಾರಿವಾಳದ ಪುಕ್ಕದಾಗ ಸತು ಹೆಚ್ಚು ಸಿಕ್ಕಿತ್ತು. ಕಪ್ಪು ಬಣ್ಣ ಕೊಡೋ ಮೆಲನಿನ್ ಇಂಥಾ ಲೋಹ ಹಿಡ್ಕೋತದ. ವ್ಯವಸ್ಥಾ ಚೊಲೋನ ಅದ. ಆದ್ರ ಪುಕ್ಕ ಬದಲಾಗಲಿಕ್ಕೆ ವರ್ಷ ಬೇಕು, ವಿಷ ದಿನಾ ಬರ್ತದ.

ತಾಯಿ ಹಕ್ಕಿದಂತೂ ಕೇಳಬ್ಯಾಡ್ರಿ. ತತ್ತಿಯ ಸಿಪ್ಪಿಗೆ ಬೇಕಾದ ಸುಣ್ಣ ಕೂಳಿನಾಗ ಸಾಲದಿದ್ರ ಆಕಿ ತನ್ನ ಎಲುಬಿನಿಂದ ತಗದು ಕೊಡ್ತಾಳ. ಸೀಸ ಸುಣ್ಣದ ವೇಷ ಹಾಕ್ಕೊಂಡು ಅದ ಎಲುಬಿನಾಗ ಕೂತಿರ್ತದ. ಸುಣ್ಣ ತಗಿಯೋ ಮುಂದ ಅದೂ ರಕ್ತಕ್ಕ ಬರ್ತದ. ಇದನ್ನ ಕೇಳಿ ನಾ ಸುಮ್ಮನ ಕೂತೆ. ಎರಡು ಹಡದ ಮ್ಯಾಲ ನನಗ ಡಾಕ್ಟರು ಕ್ಯಾಲ್ಸಿಯಂ ಗುಳಿಗಿ ಬರದು ಕೊಟ್ಟಿದ್ರು. ಗುಬ್ಬಿಗೆ ಯಾರು ಬರದು ಕೊಡಬೇಕು?

"ಆದ್ರೂ ಕಾಗಿ, ಪಾರಿವಾಳ ಊರ ತುಂಬ ಅದಾವಲ್ಲ" ಅಂತ ನಮ್ಮನಿಯವರು ವಾದ ಬಿಡಲಿಲ್ಲ. ಖರೇ. ಆದ್ರ ಕಣ್ಣಿಗೆ ಕಾಣೋವು ತಡಕೊಂಡವು. ತಡಕೊಳ್ಳಲಿಕ್ಕೆ ಆಗದವು ಕಾಣೂದ ಇಲ್ಲ. ರಣಹದ್ದು ನೋಡ್ರಿ. ಕೊಳತ ಹೆಣ ತಿಂದು ಅರಗಿಸ್ಕೊಳ್ಳೋ ಹೊಟ್ಟಿ ಅದರದು. ಆದ್ರ ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ, ಸತ್ತ ದನದ ಮಾಂಸದಿಂದ ಒಳಗ ಹೋಗಿ ಅದರ ಕಿಡ್ನಿ ಕೆಡಿಸ್ತು. ನಮ್ಮ ದೇಶದಾಗ ರಣಹದ್ದಿನ ಮೂರು ಜಾತಿ 100ಕ್ಕ 95ಕ್ಕಿಂತ ಹೆಚ್ಚು ಕರಗಿ ಹೋದ್ವು. ಕಾರಣ ಗೊತ್ತಾಗಿದ್ದು 2004ರಾಗ, ದನಗಳಿಗೆ ಆ ಔಷಧ ಬಂದ್ ಮಾಡಿದ್ದು 2006ರಾಗ. ಹೊಂದ್ಕೊಳ್ಳಲಿಕ್ಕೆ ಅವಕ್ಕ ಪುರಸೊತ್ತ ಸಿಗಲಿಲ್ಲ.

ಹಂಗಾರ ಏನು ಮಾಡಬೇಕು? ಮಗಳು ಫಿನ್ಲೆಂಡ್ ದೇಶದ್ದೊಂದು ಹೇಳಿದ್ಲು, ಅದು ನನ್ನ ಮನಸಿಗೆ ಹತ್ತಿತು. ಅಲ್ಲಿ ಹರ್ಯವಲ್ಟಾ ಅನ್ನೋ ಊರಾಗ ತಾಮ್ರ ಕರಗಿಸೋ ಕಾರ್ಖಾನಿ ಅದ. ಅದರ ಸುತ್ತಮುತ್ತ ಫ್ಲೈಕ್ಯಾಚರ್ ಅನ್ನೋ, ನೊಣ ಹಿಡಿಯೋ ಸಣ್ಣ ಹಕ್ಕಿಯ ತತ್ತಿ ಸಿಪ್ಪಿ ತೆಳ್ಳಗಾಗಿತ್ತು, ಮರಿ ಉಳೀತಿದ್ದಿಲ್ಲ. 1990ರ ದಶಕದಾಗ ಕಾರ್ಖಾನಿಯ ಹೊಗಿಯೊಳಗಿನ ಲೋಹ ಭಾಳ ಕಡಿಮಿ ಮಾಡಿದ್ರು. ಕೆಲವ ವರ್ಷದಾಗ ಆ ಹಕ್ಕಿಯ ಸಂಸಾರ ಸುಧಾರಿಸಿತು. ಯಾರೂ ಹಕ್ಕಿಗೆ "ಹೊಂದ್ಕೋ" ಅಂತ ಹೇಳಲಿಲ್ಲ. ಹೊಗಿ ಬಿಡೋರು ಹೊಗಿ ಕಡಿಮಿ ಮಾಡಿದ್ರು, ಅಷ್ಟ.

ನಮ್ಮ ಮನ್ಯಾಗ ಹೊಗಿ ಬಿಡಾಕಿ ನಾನ. ಬಚ್ಚಲದ ಒಲಿ ಲಗೂನ ಹತ್ತಲಿ ಅಂತ ಹಾಲಿನ ಪಾಕೀಟು, ಬಿಸ್ಕೀಟಿನ ಕವರು ಕಟಗಿ ತೆಳಗ ತುರಕ್ತಿದ್ದೆ. ಆ ಹೊಗಿ ಹೋಗೋದು ಗುಬ್ಬಿ ಗೂಡಿರೋ ಕಿಂಡಿಯಿಂದನ. ಹಕ್ಕಿಯ ಪುಪ್ಪುಸದಾಗ ಗಾಳಿ ಒಂದ ದಿಕ್ಕಿಗೆ ಹರೀತದ, ಗಾಳ್ಯಾಗ ಇದ್ದದ್ದನ್ನ ಅದು ನಮಗಿಂತ ಲಗೂ ಹೀರ್ಕೋತದ. ಬ್ರಿಟನ್ನಿನ ಕಲ್ಲಿದ್ದಲ ಗಣಿಯೊಳಗ ವಿಷದ ಗಾಳಿ ಗೊತ್ತಾಗಲಿ ಅಂತ 1986ರ ತನಕ ಕ್ಯಾನರಿ ಹಕ್ಕಿ ಒಯ್ತಿದ್ದದ್ದು ಇದಕ್ಕ. ಅಂಥಾ ಹಕ್ಕಿಯ ಬಾಣಂತನ ನಾ ಪ್ಲಾಸ್ಟಿಕ್ ಹೊಗಿಯೊಳಗ ಮಾಡಸ್ತಿದ್ದೆ.

ಈಗ ಒಲಿಗೆ ತೆಂಗಿನ ನಾರು ಇಡ್ತೀನಿ. ಹತ್ತಲಿಕ್ಕೆ ತಡ ಆಗ್ತದ. "ನೀರು ಇನ್ನೂ ಕಾದಿಲ್ಲೇನು?" ಅಂತ ನಮ್ಮನಿಯವರು ಟಾವೆಲ್ ಹೆಗಲಿಗೆ ಹಾಕ್ಕೊಂಡು ಕೇಳ್ತಾರ. "ಹೊಂದ್ಕೊಳ್ರಿ" ಅಂತೀನಿ.

ಇದನ್ನ ಓದೋ ಅಕ್ಕತಂಗೇರಿಗೆ ನನ್ನದೊಂದ ಮಾತು. ಅಕ್ಕಿ ಚೀಲ ಬಿಚ್ಚೋ ಮುಂದ ಆ ದಾರ ಗೇಣು ಗೇಣು ಕತ್ತರಿಸಿ ಕಸದ ಡಬ್ಬ್ಯಾಗ ಹಾಕ್ರಿ, ಹಿತ್ತಲಕ್ಕ ಒಗೀಬ್ಯಾಡ್ರಿ. ಕತ್ತರಿ ಅಡಗಿಮನ್ಯಾಗ ಹ್ಯಾಂಗೂ ಇರ್ತದ. ನಾ ಒಂದು ನಿಮಿಷ ಉಳಸ್ಲಿಕ್ಕೆ ಹೋಗಿ ಆ ಮರಿ ಹಾರಲಿಲ್ಲ.