ಬೆಟ್ಟಕ್ಕೆ ಹೊರಟ ರೇಡಿಯೊ

“ಅಜ್ಜಾ, ಹತ್ತು ವ್ಯಾಟಿಂದ ತಗೊಳ್ಳೂಣು. ಐದರದ್ದು ಯಾಕ ಬೇಕು?”

ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೋರಿಸಿ ಕೇಳಿದ. ಅವನಿಗೆ ಹದಿನಾಲ್ಕು ವರ್ಷ. ದಸರಾ ರಜೆಯಲ್ಲಿ ಅಪ್ಪನ ಜೊತೆ ಕುಮಾರಪರ್ವತ ಹತ್ತುವವನಿದ್ದಾನೆ. ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೊ ಎರಡು ಬೇಕು, ಆರಿಸುವ ಕೆಲಸ ಅಜ್ಜನದು.

ಎರಡು ವರ್ಷದ ಹಿಂದೆ ಇದೇ ಅಪ್ಪ-ಮಗ ಪಶ್ಚಿಮ ಘಟ್ಟದ ಒಂದು ಕಾಡುದಾರಿಯಲ್ಲಿ ಅಗಲಿದ್ದರು. ಹುಡುಗರು ಮುಂದೆ ಓಡಿದರು, ಹಿರಿಯರು ಹಿಂದೆ ಉಳಿದರು, ನಡುವೆ ದಾರಿ ಕವಲೊಡೆದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಎರಡೂವರೆ ತಾಸಿನ ಮೇಲೆ ಸಿಕ್ಕರು, ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆ ಸುದ್ದಿ ಬಂದರೆ ನನ್ನ ಮಗ ಇವತ್ತಿಗೂ ಕೈಯಲ್ಲಿನ ತುತ್ತು ತಾಟಿನಲ್ಲೇ ಬಿಡುತ್ತಾನೆ.

ಅದಾದ ಮೇಲೆ ಮನೆಯಲ್ಲಿ ಮೂರು ತಲೆಮಾರಿನವರೂ ಕೂಡಿ ಓದಿ ಹ್ಯಾಮ್ ಪರೀಕ್ಷೆ ಬರೆದೆವು. ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಪರೀಕ್ಷೆಗೆ ಕೂಡಬಹುದು. ಮೊದಲ ಹಂತಕ್ಕೆ ಮೋರ್ಸ್ ಸಂಕೇತ ಬರಬೇಕೆಂದೇನಿಲ್ಲ. ಪಾಸಾದರೆ ಕೇಂದ್ರ ಸರ್ಕಾರ ಲೈಸೆನ್ಸು ಕೊಡುತ್ತದೆ, ಜೊತೆಗೆ ‘ವಿಯು’ ಎಂದು ಶುರುವಾಗುವ ಒಂದು ಕರೆ-ಹೆಸರು. ಮಕ್ಕಳೇ, ಲೈಸೆನ್ಸು ಮೊದಲು, ಸೆಟ್ಟು ಆಮೇಲೆ. ಲೈಸೆನ್ಸಿಲ್ಲದೆ ಇಂಥ ಸೆಟ್ಟಿನಲ್ಲಿ ಮಾತಾಡುವುದು ಅಪರಾಧ.

ಇನ್ನು ವ್ಯಾಟಿನ ವಿಚಾರ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ಕಾಗದ ತೆಗೆದುಕೊಂಡು ಕುಳಿತೆ. ಕೇಳುವವರ ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಒಂದು ಅಂಕ ಏರಬೇಕಾದರೆ ಕಳಿಸುವವರ ಶಕ್ತಿ ನಾಲ್ಕು ಪಟ್ಟಾಗಬೇಕು. ಐದು ವ್ಯಾಟನ್ನು ಹತ್ತು ಮಾಡಿದರೆ ಸಿಗುವುದು ಅರ್ಧ ಅಂಕ. ಅಷ್ಟಕ್ಕೆ ಬ್ಯಾಟರಿ ಬೇಗ ಇಳಿಯುತ್ತದೆ, ಸೆಟ್ಟು ಬಿಸಿಯಾಗುತ್ತದೆ. “ಇದು ಲಾಭದ ವ್ಯವಹಾರ ಅಲ್ಲೋ ತಮ್ಮಾ” ಅಂದೆ. ಅವನು ನಂಬಲಿಲ್ಲ.

ನಂಬಿಸಲು ಒಂದು ಭಾನುವಾರ ಗೆಳೆಯರೊಬ್ಬರ ಎರಡು ಐದು ವ್ಯಾಟಿನ ಸೆಟ್ಟು ಇಸಿದುಕೊಂಡೆವು. ಅವರಿಗೂ ಲೈಸೆನ್ಸಿದೆ. ನಾನು ತೊರವಿಯಲ್ಲಿ ನಮ್ಮ ಮಾಳಿಗೆಯ ಮೇಲೆ ನಿಂತೆ. ಮಗ, ಮೊಮ್ಮಗ ಬೈಕಿನಲ್ಲಿ ವಿಜಯಪುರದ ಕಡೆ ಹೊರಟರು. ದಾರಿಯ ಒಂದು ತಗ್ಗಿನಲ್ಲಿ ನಿಂತು ಐದು ವ್ಯಾಟಿನಲ್ಲಿ ಮಾತಾಡಿದಾಗ ನನಗೆ ಕೇಳಿದ್ದು ಬರೀ ಗರಗರ. ಮುಂದೆ ಊರೊಳಗೆ ಹೋಗಿ ಉಪ್ಪಲಿ ಬುರುಜು ಹತ್ತಿದರು. 1584ರಲ್ಲಿ ಕಟ್ಟಿದ ಆ ಕಾವಲು ಬುರುಜಿನ ಎತ್ತರ ಸುಮಾರು 24 ಮೀಟರ್. ಹೊರಗೋಡೆಯ ಸುತ್ತ ಮೆಟ್ಟಿಲುಗಳಿವೆ. ಅಲ್ಲಿಂದ ಮೊಮ್ಮಗ ಶಕ್ತಿಯನ್ನು ಒಂದೇ ವ್ಯಾಟಿಗೆ ಇಳಿಸಿ ಮಾತಾಡಿದ. ಪಕ್ಕದ ಮನೆಯಿಂದ ಕೂಗಿದಷ್ಟು ಸ್ಪಷ್ಟ! ಹಿಂದೆ ಯಾರೋ “ಏನಪಾ ಅದು?” ಎಂದು ಕೇಳಿದ್ದೂ, ಮಗ ಲೈಸೆನ್ಸಿನ ಪ್ರತಿ ತೋರಿಸಿ ತಿಳಿಸಿ ಹೇಳಿದ್ದೂ ನನಗೆ ಮಾಳಿಗೆಯಲ್ಲೇ ಕೇಳಿಸಿತು.

ಕಾರಣ ಸರಳ. ನಾವು ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ, ಬಯಲಿನಲ್ಲಿ ಭೂಮಿಯ ಉಬ್ಬೇ ಅಡ್ಡ ಬರುತ್ತದೆ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ಅಲೆ ಎಷ್ಟು ಕಿಲೋಮೀಟರ್ ಮುಟ್ಟೀತು ಎಂಬ ಅಂದಾಜು ಸಿಗುತ್ತದೆ. ನೆಲದ ಮೇಲೆ ನಿಂತವನಿಗೆ ಐದು ಕಿಲೋಮೀಟರ್, ಬುರುಜಿನ ಮೇಲಿನವನಿಗೆ ಇಪ್ಪತ್ತು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆಯ ಮೇಲೆ ಹಾಯುವಾಗ, ಅಲ್ಲಿನ ಹ್ಯಾಮ್ ಮಾತು 145.800 ಮೆಗಾಹರ್ಟ್ಸ್‌ನಲ್ಲಿ ಕೈಸೆಟ್ಟಿಗೂ ಕೇಳುತ್ತದೆ. ನಡುವೆ ಅಡ್ಡ ಏನೂ ಇಲ್ಲವಲ್ಲ!

ಎತ್ತರ ಬಿಟ್ಟರೆ ಆಂಟೆನಾ. ಈ ಅಲೆಯ ಉದ್ದ ಎರಡು ಮೀಟರ್. ಅದರ ಕಾಲುಭಾಗ, ಅಂದರೆ ಅರ್ಧ ಮೀಟರ್ ಉದ್ದದ ಕಡ್ಡಿ ಇದ್ದರೆ ಸೆಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಸೆಟ್ಟಿನ ಜೊತೆ ಬರುವ ಗೇಣುದ್ದದ ರಬ್ಬರ್ ಆಂಟೆನಾ ಹೊತ್ತೊಯ್ಯಲು ಹಗುರ, ಕೆಲಸದಲ್ಲಿ ಕಡಿಮೆ. ವಾಪಸು ಬರುವಾಗ ಅದೇ ತಗ್ಗಿನಲ್ಲಿ ಉದ್ದನೆಯ ಕಡ್ಡಿ ಹಾಕಿ ಮಾತಾಡಿದರು. ಗರಗರ ಇತ್ತು, ಆದರೆ ಮಾತು ತಿಳಿಯಿತು. ಆಂಟೆನಾದ ಬುಡದ ಹೊರಲೋಹಕ್ಕೆ ಅರ್ಧ ಮೀಟರಿನ ತಂತಿ ಕಟ್ಟಿ ಬಾಲದಂತೆ ಇಳಿಬಿಟ್ಟಾಗ ಇನ್ನೂ ತಿಳಿಯಾಯಿತು. ಖರ್ಚು? ಮನೆಯಲ್ಲಿ ಬಿದ್ದಿದ್ದ ಒಂದು ತುಂಡು ತಂತಿ.

ಆದರೆ ಕಾಡಿನಲ್ಲಿ ಉದ್ದ ಕಡ್ಡಿ ಗಿಡಗಂಟಿಗೆ ಸಿಕ್ಕಿ ಜಗ್ಗುತ್ತದೆ, ಸೆಟ್ಟಿನ ಬಾಯೇ ಮುರಿದೀತು. ಅದಕ್ಕೇ ನಡೆಯುವಾಗ ಗಿಡ್ಡದ್ದು, ನಿಂತು ಮಾತಾಡುವಾಗ ಉದ್ದದ್ದು ಎಂದು ಠರಾವು ಮಾಡಿದೆವು.

ಕೊನೆಗೆ ಐದು ವ್ಯಾಟಿನ ಸೆಟ್ಟನ್ನೇ ಕೊಂಡೆವು. ಉದ್ದ ಕಡ್ಡಿಯನ್ನು ಬೇರೆ ಅಂಗಡಿಯಿಂದ ತರಿಸಿದಾಗ ಒಂದು ತಪ್ಪಾಯಿತು: ಅದು ಸೆಟ್ಟಿಗೆ ಕೂಡಲೇ ಇಲ್ಲ. ಸೆಟ್ಟಿನ ಬಾಯಿಯ ನಡುವೆ ಸೂಜಿ ಇದ್ದರೆ ಆಂಟೆನಾದಲ್ಲಿ ತೂತು ಇರಬೇಕು, ಸೆಟ್ಟಿನಲ್ಲಿ ತೂತಿದ್ದರೆ ಆಂಟೆನಾದಲ್ಲಿ ಸೂಜಿ. ನಮಗೆ ಬಂದದ್ದು ಸೂಜಿಗೆ ಸೂಜಿ. ಬಿಲ್ಲು ಇಟ್ಟಿದ್ದರಿಂದ ಬದಲಿಸಿ ಕೊಟ್ಟರು. ಬಿಲ್ಲನ್ನು ಎಂದೂ ಹರಿದು ಬಿಸಾಡಬೇಡಿ.

ಮತ್ತೆರಡು ಸಂಗತಿ ನೋಡಿದೆ. ಘಟ್ಟದ ಮಳೆಗೆ ದಸರಾದ ಲೆಕ್ಕ ಗೊತ್ತಿಲ್ಲ; ಅದಕ್ಕೆ ‘ಐಪಿ67’ ಎಂದು ಬರೆದ ಸೆಟ್ಟು ತೆಗೆದುಕೊಂಡೆ. ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಬಿದ್ದರೂ ತಡೆಯುತ್ತದೆ ಎಂದು ಅದರ ಅರ್ಥ. ಎರಡನೆಯದು, ಒಂದೊಂದು ಸೆಟ್ಟಿಗೂ ಇನ್ನೊಂದು ಬ್ಯಾಟರಿ. ಕಾಡಿನಲ್ಲಿ ಚಾರ್ಜು ಎಲ್ಲಿ ಮಾಡುತ್ತೀರಿ?

ಎಲ್ಲ ಮುಗಿಯಿತು ಎಂದುಕೊಂಡಾಗ ಮೊಮ್ಮಗನೇ ಕೇಳಿದ: “ಅಜ್ಜಾ, ನಾ ಕರದಾಗ ಅಪ್ಪನ ಸೆಟ್ಟ ಬಂದ್ ಇದ್ರ?”

ನಾನು ಪೆನ್ನು ಕೆಳಗಿಟ್ಟೆ. ಇಷ್ಟು ದಿನ ವ್ಯಾಟು, ಕಡ್ಡಿ, ಬ್ಯಾಟರಿ ಎಲ್ಲದರ ಲೆಕ್ಕ ಹಾಕಿದ್ದೆ, ಇದನ್ನು ಬಿಟ್ಟಿದ್ದೆ. ಅತ್ತ ಕೇಳುವ ಕಿವಿ ಇಲ್ಲದಿದ್ದರೆ ಎಂಥ ಸೆಟ್ಟೂ ಬರೀ ಡಬ್ಬಿ. ಆಗ ಮೂವರೂ ಕುಳಿತು ಚೀಟಿ ಬರೆದೆವು. ಒಂದು ಸೆಟ್ಟು ಗುಂಪಿನ ಮುಂದೆ, ಒಂದು ಕೊನೆಗೆ. ತಾಸಿಗೊಮ್ಮೆ, ಮುಳ್ಳು ಹನ್ನೆರಡರ ಮೇಲೆ ಬಂದಾಗಿನಿಂದ ಐದು ನಿಮಿಷ ಇಬ್ಬರೂ ಸೆಟ್ಟು ತೆರೆದಿರಬೇಕು. ಕವಲುದಾರಿ ಬಂದಲ್ಲಿ ಮುಂದಿನವರು ನಿಲ್ಲಬೇಕು. ಉತ್ತರ ಬರದಿದ್ದರೆ ಮುಂದೆ ಹೋಗದೆ, ಗುರುತಿನ ದಾರಿಯಲ್ಲೇ ಹಿಂದಕ್ಕೆ, ಕೊನೆಯ ಸಲ ಮಾತು ಕೇಳಿದ ಜಾಗಕ್ಕೆ ಬರಬೇಕು. ಅರಣ್ಯ ಇಲಾಖೆಯ ಅನುಮತಿ ಪತ್ರ, ಲೈಸೆನ್ಸಿನ ಪ್ರತಿ ಚೀಲದಲ್ಲಿರಬೇಕು. ಚೀಟಿಯ ಒಂದು ಪ್ರತಿ ನಮ್ಮ ಮನೆಯ ಗೋಡೆಗೂ ಅಂಟಿಸಿದೆವು, ಏಕೆಂದರೆ ಅಲ್ಲಿಯ ಮಾತು ತೊರವಿಗೆ ಮುಟ್ಟುವುದಿಲ್ಲ. ಅಜ್ಜಿ ಅದನ್ನು ಎರಡು ಸಲ ಓದಿ, ಕೆಳಗೆ “ಊಟ ಬಿಡಬಾರದು” ಎಂದು ತಾನೂ ಒಂದು ಸಾಲು ಸೇರಿಸಿದಳು.

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ತುದಿಯಿಂದ ಅಲೆ ಎಷ್ಟು ದೂರ ಮುಟ್ಟೀತು? ಬಿಡಿಸಿ ನಿಮ್ಮ ಅಜ್ಜ-ಅಜ್ಜಿಗೆ ತೋರಿಸಿ. ಅವರಿಗೆ ವರ್ಗಮೂಲ ಮರೆತಿದ್ದರೆ ಕಲಿಸಿ ಕೊಡಿ.