ಮಾತ್ರೆ ಬಿಡುವ ಮೊದಲು ಒಂದು ಫೋನ್ ಮಾಡಿ

ನಮ್ಮ ಬಳಗದ ಗೆಳೆಯರೊಬ್ಬರ ದೊಡ್ಡಪ್ಪನಿಗೆ ಕಿಡ್ನಿ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಅದು ಶ್ವಾಸಕೋಶಕ್ಕೂ ಹರಡಿತ್ತು. ದೊಡ್ಡಾಸ್ಪತ್ರೆಯಲ್ಲಿ ಸುನಿಟಿನಿಬ್ ಎಂಬ ಮಾತ್ರೆ ಬರೆದುಕೊಟ್ಟರು. ನಾಲ್ಕು ವಾರ ನುಂಗಬೇಕು, ಎರಡು ವಾರ ಬಿಡಬೇಕು. ಮೂರನೇ ವಾರಕ್ಕೆ ಅವರ ಮೈ ಹಳದಿಯಾಯಿತು. ಊರೆಲ್ಲ ‘ಕಾಮಾಲೆ’ ಎಂದಿತು. ಮಾತ್ರೆ ನಿಂತಿತು, ಸೊಪ್ಪಿನ ಔಷಧಿ ಶುರುವಾಯಿತು. ಕೊನೆಗೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್ ಸರಿಯಾಗಿಯೇ ಇತ್ತು. ಆ ಔಷಧಿಯ ಬಣ್ಣವೇ ಹಳದಿ, ಅದು ಚರ್ಮಕ್ಕೆ ಹತ್ತಿತ್ತು ಅಷ್ಟೆ. ಚಿಕಿತ್ಸೆಯ ವಾರಗಳು ಮಾತ್ರ ವ್ಯರ್ಥವಾಗಿ ಹೋಗಿದ್ದವು.

ಇದರಲ್ಲಿ ದೊಡ್ಡಪ್ಪನ ತಪ್ಪಿಲ್ಲ. ಹೀಗಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಡಬ್ಬಿಯೊಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು, ಅಕ್ಷರಗಳು ಇರುವೆ ಸಾಲಿನಂತಿದ್ದವು.

ಸುನಿಟಿನಿಬ್, ಪಜೋಪನಿಬ್, ಕ್ಯಾಬೋಜಾಂಟಿನಿಬ್ ಮುಂತಾದ ಮಾತ್ರೆಗಳು ಕೆಲಸ ಮಾಡುವ ಬಗೆ ರೈತರಿಗೆ ಸುಲಭವಾಗಿ ಅರ್ಥವಾಗುತ್ತದೆ. ಗಡ್ಡೆ ಬೆಳೆಯಲು ರಕ್ತ ಬೇಕು, ಅದಕ್ಕಾಗಿ ಅದು ಹೊಸ ರಕ್ತನಾಳ ಎಳೆದುಕೊಳ್ಳುತ್ತದೆ. ಈ ಮಾತ್ರೆಗಳು ಆ ಕಾಲುವೆಗೆ ಒಡ್ಡು ಹಾಕುತ್ತವೆ. ಕಳೆಗೆ ಹೋಗುವ ನೀರು ಕಟ್ಟಿದಾಗ ಪಕ್ಕದ ಬೆಳೆಗೂ ಸ್ವಲ್ಪ ಬಿಸಿ ತಟ್ಟುತ್ತದಲ್ಲ, ಅದೇ ಅಡ್ಡಪರಿಣಾಮ.

ಬಿಪಿ ಏರುತ್ತದೆ. ಭೇದಿಯಾಗುತ್ತದೆ. ಬಾಯಿ ಹುಣ್ಣಾಗಿ ಸಾರಿನ ಖಾರವೂ ತಡೆಯುವುದಿಲ್ಲ. ಥೈರಾಯ್ಡ್ ಕುಗ್ಗಿ ಸುಸ್ತು ಹೆಚ್ಚುತ್ತದೆ. ಕೆಲವರ ಕೂದಲು ಬೆಳ್ಳಗಾಗುತ್ತದೆ. ಅಂಗೈ, ಅಂಗಾಲು ಕೆಂಪಾಗಿ ಉರಿದು ಬೊಬ್ಬೆ ಬರುತ್ತವೆ. ಪಟ್ಟಣದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ ಇದು ತೊಂದರೆ. ಕುಡುಗೋಲು ಹಿಡಿಯುವವರಿಗೆ, ಹಾಲು ಕರೆಯುವವರಿಗೆ, ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಇದು ದಿನದ ಕೂಲಿಯ ಪ್ರಶ್ನೆ. ಕೂಲಿ ತಪ್ಪಿದರೆ ಅವರು ಮೊದಲು ಬಿಡುವುದು ಮಾತ್ರೆಯನ್ನೇ.

ನಾವು ಹೇಳಬೇಕೆಂದಿರುವುದು ಇಷ್ಟೇ: ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ನೋವು ನುಂಗಿಕೊಂಡೂ ಇರಬೇಡಿ. ಮೊದಲ ದಿನವೇ ಡಾಕ್ಟರಿಗೆ ಹೇಳಿ. ಅವರು ಕೆಲವು ದಿನ ನಿಲ್ಲಿಸಬಹುದು, ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. ಪ್ರಮಾಣ ಇಳಿಸಿದರೆ ‘ಇನ್ನು ಆಸೆ ಇಲ್ಲ’ ಎಂದಲ್ಲ, ಚಿಕಿತ್ಸೆ ಹೆಚ್ಚು ದಿನ ನಡೆಯಲಿ ಎಂದು. ದೊಡ್ಡಪ್ಪ ಈಗ ಕಡಿಮೆ ಪ್ರಮಾಣದ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದಾರೆ. ಮೆತ್ತನೆಯ ಚಪ್ಪಲಿ ಹಾಕಿಕೊಂಡು ಹೊಲದ ಬದುವಿನವರೆಗೆ ಹೋಗಿಬರುತ್ತಾರೆ.

ಕೆಲವು ಲಕ್ಷಣ ಕಂಡರೆ ತಡ ಮಾಡಲೇಬಾರದು. ಕಣ್ಣಿನ ಬಿಳಿ ಭಾಗ ಹಳದಿಯಾಗಿ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅದು ಲಿವರಿನ ತೊಂದರೆ ಇರಬಹುದು. ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ, ಮುಖ ನೋಡಿ ಹೇಳಲು ಆಗುವುದಿಲ್ಲ. ಎದೆನೋವು, ಉಸಿರುಕಟ್ಟುವಿಕೆ, ವಿಪರೀತ ತಲೆನೋವು, ನಿಲ್ಲದ ರಕ್ತ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಈ ಮಾತ್ರೆಗಳಿಂದ ಗಾಯ ಬೇಗ ಮಾಯುವುದಿಲ್ಲ, ಹಾಗಾಗಿ ಹಲ್ಲು ಕೀಳಿಸುವ ಮೊದಲೂ ಡಾಕ್ಟರನ್ನು ಕೇಳಿ. ಕಷಾಯವಾಗಲಿ, ನಾಟಿ ಔಷಧಿಯಾಗಲಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಈ ಮಾತ್ರೆಗಳನ್ನು ಅರಗಿಸುವುದೂ ಲಿವರೇ.

ಕೆಲವರಿಗೆ ನಿವೊಲುಮ್ಯಾಬ್‌ನಂಥ ಔಷಧಿಯನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಅದು ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಎದ್ದ ಶಕ್ತಿ ಕೆಲವೊಮ್ಮೆ ನಮ್ಮ ಕರುಳು, ಶ್ವಾಸಕೋಶದ ಮೇಲೆಯೇ ತಿರುಗಿಬೀಳುತ್ತದೆ. ಡ್ರಿಪ್ ಮುಗಿದು ತಿಂಗಳುಗಳಾದ ಮೇಲೂ ಹೀಗಾಗಬಹುದು. ಆಗ ಭೇದಿಗೆ, ಕೆಮ್ಮಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಹಳ್ಳಿಯ ಡಾಕ್ಟರಿಗೂ ಈ ಚಿಕಿತ್ಸೆಯ ವಿಷಯ ಹೇಳಿ.

‘ಎಲ್ಲ ಹೇಳಿದರೆ ರೋಗಿ ಹೆದರುತ್ತಾನೆ’ ಎನ್ನುವ ಡಾಕ್ಟರುಗಳಿದ್ದಾರೆ. ಹೇಳದಿದ್ದರೆ ಇನ್ನೂ ಹೆಚ್ಚು ಹೆದರುತ್ತಾನೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೈ ಹಳದಿಯಾಗಬಹುದು ಎಂದು ಮೊದಲೇ ಒಂದು ಮಾತು ಹೇಳಿದ್ದರೆ ದೊಡ್ಡಪ್ಪ ಮಾತ್ರೆ ಬಿಡುತ್ತಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮಾತ್ರೆ ಕೊಡುವ ದಿನವೇ ದಪ್ಪ ಅಕ್ಷರದ ಒಂದು ಕನ್ನಡ ಹಾಳೆ ಕೊಡಲಿ. ಏನಾಗಬಹುದು, ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು ಎಂದು ಅದರಲ್ಲಿರಲಿ. ಕೆಳಗೆ ಕರೆ ಎತ್ತುವ ಒಂದು ಫೋನ್ ನಂಬರ್ ಇರಲಿ. ಊರಿನ ಆರೋಗ್ಯ ಕೇಂದ್ರದಲ್ಲಿ ಇಂಥವರ ಬಿಪಿಯನ್ನು ವಾರಕ್ಕೊಮ್ಮೆ ನೋಡಿ ಬರೆದಿಡಲಿ.

ಅಲ್ಲಿಯವರೆಗೆ ನಾವೇ ಕೇಳೋಣ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಾಚಿಕೊಳ್ಳದೆ ಹೀಗೆ ಕೇಳಿ: ‘ಸಾರ್, ಈ ಮಾತ್ರೆಯಿಂದ ಏನೇನಾಗುತ್ತೆ? ಆದರೆ ಯಾರಿಗೆ ಫೋನ್ ಮಾಡಲಿ?’ ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬೇಡಿ.